ಬೈಕಿನಲ್ಲಿ ಪರದೇಶ: ಗಡಿಯ ಕಾಗದಪತ್ರ ಮತ್ತು ವಿಮೆಯ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯ ಸವಾರರು ಎದುರು ಸಿಕ್ಕಾಗಲೂ ಪತ್ರ ಬರೆದಾಗಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಶುಲ್ಕ ಮತ್ತು ಪ್ರೀಮಿಯಂ ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ಆಯಾ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

## ಹೊರಡುವ ಮುನ್ನ

ದಿನಾ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಬರುವವರು ನಾವು. ದೇಶದ ಗಡಿ ಅಂದರೆ ಅದಕ್ಕಿಂತ ಎಷ್ಟು ಬೇರೆ?

ಕೇರಳ ಕರ್ನಾಟಕದ ಗಡಿಯಾದ ತಲಪಾಡಿಯ ಆಚೆಗೂ ಈಚೆಗೂ ಒಂದೇ ಮೋಟಾರು ವಾಹನ ಕಾಯ್ದೆ, ಒಂದೇ ವಿಮೆ, ಒಂದೇ ಲೈಸನ್ಸು. 2020ರ ಲಾಕ್‌ಡೌನಿನಲ್ಲಿ ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ ಆ ಕೆಲವು ವಾರಗಳನ್ನು ಬಿಟ್ಟರೆ ಅಲ್ಲೊಂದು ಗಡಿಯಿದೆ ಎಂಬುದೇ ನಮಗೆ ಮರೆತುಹೋಗಿರುತ್ತದೆ. ದೇಶದ ಗಡಿಯಲ್ಲಿ ಎರಡು ಕಿಟಕಿಗಳಿರುತ್ತವೆ. ಒಂದು ಇಮಿಗ್ರೇಶನ್, ಅದು ಸವಾರನನ್ನು ವಿಚಾರಿಸುತ್ತದೆ. ಇನ್ನೊಂದು ಕಸ್ಟಮ್ಸ್, ಅದು ಬೈಕನ್ನು ವಿಚಾರಿಸುತ್ತದೆ. ಕಸ್ಟಮ್ಸಿನವರ ಕಣ್ಣಿಗೆ ನಿಮ್ಮ ಬೈಕು ಪ್ರಯಾಣದ ಸಾಧನವಲ್ಲ, ಸುಂಕ ಕಟ್ಟದೆ ದೇಶದೊಳಕ್ಕೆ ಬರುತ್ತಿರುವ ಒಂದು ಸರಕು. ಅದನ್ನು ಇಲ್ಲೇ ಮಾರಿ ಬರಿಗೈಯಲ್ಲಿ ಹಿಂದಿರುಗುವುದಿಲ್ಲ ಎಂಬುದಕ್ಕೆ ಅವರಿಗೆ ಆಧಾರ ಬೇಕು. ಪಾಸ್‌ಪೋರ್ಟಿಗೆ ಮುದ್ರೆ ಬಿದ್ದ ಮಾತ್ರಕ್ಕೆ ಬೈಕು ಒಳಗೆ ಬಂದಂತಾಗುವುದಿಲ್ಲ. ಸವಾರನ ಕಾಗದ ಬೇರೆ, ಬೈಕಿನ ಕಾಗದ ಬೇರೆ, ಎರಡರ ಗಡುವೂ ಬೇರೆ. ಮುಂದೆ ಬರುವ ತೊಡಕುಗಳಲ್ಲಿ ಹೆಚ್ಚಿನವು ಇವೆರಡನ್ನು ಒಂದೇ ಎಂದು ತಿಳಿದುಕೊಂಡದ್ದರಿಂದ ಆದವು.

ಮೊದಲ ಸಲಕ್ಕೆ ನೇಪಾಳ ಒಳ್ಳೆಯದಾ, ಭೂತಾನವಾ? ಆಧಾರ್ ಕಾರ್ಡ್ ಸಾಕಾ?

ನೇಪಾಳವೇ ಸುಲಭ. ಭಾರತೀಯರಿಗೆ ವೀಸಾ ಬೇಡ, ನಮ್ಮ ಲೈಸನ್ಸು ಅಲ್ಲಿ ನಡೆಯುತ್ತದೆ, ಕಾರ್ನೆ ಎಂಬ ಬೈಕಿನ ಗ್ಯಾರಂಟಿ ಪುಸ್ತಕವೂ ಬೇಕಿಲ್ಲ. ಗುರುತಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ ಬೇಕು. 15 ವರ್ಷಕ್ಕಿಂತ ಕಿರಿಯರು ಮತ್ತು 65 ದಾಟಿದವರನ್ನು ಬಿಟ್ಟು ಉಳಿದವರು ಆಧಾರನ್ನು ನಂಬಿಕೊಂಡು ಹೋಗಬಾರದು. ಸುನೌಲಿ, ರಕ್ಸೌಲ್, ಪಾನಿಟಂಕಿ, ಬನಬಸಾ ಈ ದಾರಿಗಳಲ್ಲಿ ಯಾವುದರಿಂದ ಹೋದರೂ ಗಡಿ ದಾಟಿದ ಕೂಡಲೇ ‘ಭನ್ಸಾರ್’ ಎಂಬ ಕಸ್ಟಮ್ಸ್ ಕಚೇರಿಯಲ್ಲಿ ಎಷ್ಟು ದಿನ ಇರುತ್ತೀರೋ ಅಷ್ಟು ದಿನದ ಶುಲ್ಕ ಕಟ್ಟಿ ಚೀಟಿ ಪಡೆಯಬೇಕು. ಭಾರತದ ಒಂದು ವಾಹನ ಒಂದು ವರ್ಷದಲ್ಲಿ ಒಟ್ಟು 30 ದಿನ ಮಾತ್ರ ಅಲ್ಲಿ ಇರಬಹುದು. ಗಡಿಯಲ್ಲಿ ತಡೆಗೋಲು ತೆರೆದೇ ಇರುವುದರಿಂದ ಯಾರೂ ಕೇಳದೆ ಒಳಗೆ ಹೋಗಿಬಿಡಬಹುದು. ಐವತ್ತು ಕಿಲೋಮೀಟರ್ ಮುಂದೆ ಪೊಲೀಸರು ಚೀಟಿ ಕೇಳಿದಾಗಲೇ ತಪ್ಪು ಗೊತ್ತಾಗುವುದು. ಲೆಕ್ಕ ಹಾಕುವಾಗ ಒಂದೆರಡು ದಿನ ಹೆಚ್ಚಿಗೆ ಸೇರಿಸಿ. ಭೂಕುಸಿತದಿಂದ ರಸ್ತೆ ಕಟ್ಟಿಕೊಂಡು ಗಡುವು ಮೀರಿದರೆ ಕಟ್ಟಬೇಕಾದ ದಂಡಕ್ಕಿಂತ ಆ ಹೆಚ್ಚುವರಿ ಶುಲ್ಕವೇ ಅಗ್ಗ.

ಭೂತಾನಕ್ಕೂ ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ ಸಾಕು. ಆದರೆ ಗಡಿಪಟ್ಟಣವಾದ ಫುಂಟ್‌ಶೋಲಿಂಗಿನಲ್ಲಿ ಸವಾರನಿಗೆ ಒಂದು ಪರ್ಮಿಟ್, ಬೈಕಿಗೆ ಇನ್ನೊಂದು ಬೇಕು. 2022ರ ಸೆಪ್ಟೆಂಬರಿನಿಂದ ಭಾರತೀಯ ಪ್ರವಾಸಿಗಳಿಗೆ ಒಂದು ರಾತ್ರಿಗೆ ತಲಾ 1,200 ರೂಪಾಯಿಯ ಅಭಿವೃದ್ಧಿ ಶುಲ್ಕವೂ ಇದೆ.

ಪಾಸ್‌ಪೋರ್ಟಿನಲ್ಲಿ ಒಂದು ಸ್ಪೆಲ್ಲಿಂಗ್, ಲೈಸನ್ಸಿನಲ್ಲಿ ಇನ್ನೊಂದು ಉಂಟು. ತೊಂದರೆ ಆಗ್ತದಾ?

ಆಗುತ್ತದೆ, ಅದರಲ್ಲೂ ಕಾಸರಗೋಡಿನ ಕನ್ನಡಿಗರಿಗೆ ಹೆಚ್ಚಾಗಿಯೇ ಆಗುತ್ತದೆ. ನಮ್ಮ ಹೆಸರುಗಳು ಕನ್ನಡ ಶಾಲೆಯ ದಾಖಲೆಯಿಂದ ಹೊರಟು, ಮಲಯಾಳ ಬಲ್ಲ ಗುಮಾಸ್ತರ ಕೈದಾಟಿ ಇಂಗ್ಲಿಷಿಗೆ ಬಂದಿರುತ್ತವೆ. ಮಂಗಳೂರಿನ ಕಾಲೇಜಿನಲ್ಲಿ ‘ಎಸ್, ಎಚ್, ಆರ್, ಐ’ ಎಂದು ಆರಂಭವಾಗುವ ಶ್ರೀಧರ ಇಲ್ಲಿಯ ಕಚೇರಿಯಲ್ಲಿ ‘ಎಸ್, ಆರ್, ಇ, ಇ’ ಆಗಿರುತ್ತಾನೆ. ಈಶ್ವರ ಒಂದು ಕಡೆ ‘ಐ’ಯಿಂದ, ಇನ್ನೊಂದು ಕಡೆ ‘ಇ’ಯಿಂದ ಶುರುವಾಗುತ್ತಾನೆ. ಇದಕ್ಕೆ ಮನೆಹೆಸರಿನ ಇನಿಶಿಯಲ್ ಸೇರುತ್ತದೆ: ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಬರೆದ ಉಪನಾಮ, ಆರ್.ಸಿ.ಯಲ್ಲಿ ಹೆಸರಿನ ಕೊನೆಗೆ ಅಂಟಿಕೊಂಡ ಒಂದೇ ಅಕ್ಷರ. ಊರಿನಲ್ಲಿ ಇದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಪರದೇಶದ ಅಧಿಕಾರಿಗೆ ಮಾತ್ರ ಇವರು ಇಬ್ಬರು ಬೇರೆ ಬೇರೆ ಮನುಷ್ಯರು, ಒಬ್ಬನ ಬೈಕನ್ನು ಇನ್ನೊಬ್ಬ ಓಡಿಸಿಕೊಂಡು ಬಂದಿದ್ದಾನೆ.

ಹೊರಡುವುದಕ್ಕೆ ಆರು ತಿಂಗಳು ಇರುವಾಗಲೇ ಪಾಸ್‌ಪೋರ್ಟನ್ನು ಮೂಲವೆಂದು ಇಟ್ಟುಕೊಂಡು ಲೈಸನ್ಸ್, ಆರ್.ಸಿ. ಮತ್ತು ವಿಮಾ ಪಾಲಿಸಿಗಳನ್ನು ಅದಕ್ಕೆ ಹೊಂದಿಸಿ. ಇಂಟರ್‌ನ್ಯಾಶನಲ್ ಪರ್ಮಿಟ್ ಮತ್ತು ಕಾರ್ನೆ ಇವುಗಳ ಆಧಾರದ ಮೇಲೆಯೇ ತಯಾರಾಗುವುದರಿಂದ ಈ ಕ್ರಮವನ್ನು ತಲೆಕೆಳಗು ಮಾಡಬಾರದು. ಸರ್ಕಾರಿ ಅರ್ಜಿಗಳನ್ನು ತುಂಬಿಸಿಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ತುಂಬಿಸುವುದಾದರೆ ಪಾಸ್‌ಪೋರ್ಟನ್ನು ಪಕ್ಕದಲ್ಲಿಟ್ಟು, ಪರದೆಯ ಮೇಲಿನ ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಓದಿಯೇ ‘ಆಯಿತು’ ಎನ್ನಿ.

ಬೈಕು ಮಂಗಳೂರಿನಲ್ಲಿ ತೆಗೆದದ್ದು, ಕೆ.ಎ. 19. ನನ್ನ ವಿಳಾಸ ಪೆರ್ಲದ್ದು. ಹೀಗೆಯೇ ಹೋಗಬಹುದಾ?

ಪರದೇಶದವರಿಗೆ ಕೆ.ಎ. ಆದರೂ ಕೆ.ಎಲ್. ಆದರೂ ಭಾರತದ ಬೈಕೇ. ತೊಡಕಿರುವುದು ನಮ್ಮಲ್ಲಿ. ಒಂದು ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿ ನೋಂದಣಿ ಮಾಡಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ವಿಧಿ ಹೇಳುತ್ತದೆ. ಆರ್.ಸಿ.ಯ ವಿಳಾಸ ದಕ್ಷಿಣ ಕನ್ನಡದ್ದು, ಪಾಸ್‌ಪೋರ್ಟಿನದು ಕಾಸರಗೋಡಿನದು ಆಗಿದ್ದರೆ ಕಾರ್ನೆಗೆ ಗ್ಯಾರಂಟಿ ಕೊಡುವ ಆಟೋಮೊಬೈಲ್ ಸಂಘ ಪ್ರಶ್ನೆ ಎತ್ತುವುದು ಸಹಜ. ದೊಡ್ಡ ಪ್ರಯಾಣಕ್ಕೆ ಹೊರಡುವವರು ಆಕ್ಷೇಪವಿಲ್ಲವೆಂಬ ಪತ್ರ (ಎನ್.ಒ.ಸಿ.) ತಂದು ಕಾಸರಗೋಡಿನ ಕೆ.ಎಲ್. 14ಕ್ಕೆ ಬದಲಾಯಿಸಿಕೊಳ್ಳುವುದೇ ಲೇಸು.

ಇಂಟರ್‌ನ್ಯಾಶನಲ್ ಲೈಸನ್ಸ್ ಕಾಸರಗೋಡಿನಲ್ಲೇ ಸಿಗ್ತದಾ?

ಸಿಗುತ್ತದೆ. ಅದು ಸ್ವತಂತ್ರವಾದ ಲೈಸನ್ಸ್ ಅಲ್ಲ, ನಿಮ್ಮ ಲೈಸನ್ಸಿನ ಅಧಿಕೃತ ಅನುವಾದ. ಹೀಗಾಗಿ ಎರಡನ್ನೂ ಒಟ್ಟಿಗೆ ಒಯ್ಯಬೇಕು. ‘ಸಾರಥಿ’ ಎಂಬ ಸರ್ಕಾರಿ ಜಾಲತಾಣದ ಮೂಲಕ ನಮೂನೆ 4ಎಯಲ್ಲಿ ಅರ್ಜಿ ಹಾಕಬೇಕು. ಕೇಂದ್ರದ ನಿಯಮದ ಪ್ರಕಾರ ಶುಲ್ಕ 1,000 ರೂಪಾಯಿ. ಅದಕ್ಕೆ ಒಂದು ವರ್ಷದ ಆಯುಸ್ಸು, ಮೂಲ ಲೈಸನ್ಸ್ ಅದಕ್ಕಿಂತ ಮೊದಲೇ ಮುಗಿದರೆ ಅಲ್ಲಿಯವರೆಗೆ ಮಾತ್ರ. ವೈದ್ಯಕೀಯ ಸರ್ಟಿಫಿಕೇಟು ಮತ್ತು ವೀಸಾ ತೋರಿಸಬೇಕೆಂಬ ಷರತ್ತನ್ನು 2021ರಲ್ಲಿ ಕೈಬಿಡಲಾಗಿದೆ. ಪುಸ್ತಿಕೆ ಕೈಗೆ ಬಂದಾಗ ‘ಎ’ ಎಂಬ ವರ್ಗದ ಎದುರು ಮುದ್ರೆ ಇದೆಯೇ ಎಂದು ನೋಡಿ, ಏಕೆಂದರೆ ಮೋಟಾರ್‌ಸೈಕಲಿನ ವರ್ಗ ಅದು. ಕಾರಿನ ‘ಬಿ’ಗೆ ಮಾತ್ರ ಮುದ್ರೆ ಒತ್ತಿಸಿಕೊಂಡು ಹೋದವರು ಅಪಘಾತವಾದಾಗ ಲೈಸನ್ಸ್ ಇಲ್ಲದ ಸವಾರರಾಗುತ್ತಾರೆ. ಭಾರತ 1949ರ ಜಿನೀವಾ ಒಪ್ಪಂದದ ದೇಶ. ಚೀನಾದಂಥ ದೇಶ ಈ ಪರ್ಮಿಟನ್ನು ಒಪ್ಪುವುದೇ ಇಲ್ಲ, ಅಲ್ಲಿಗೆ ಸ್ಥಳೀಯ ತಾತ್ಕಾಲಿಕ ಲೈಸನ್ಸ್, ತಾತ್ಕಾಲಿಕ ನಂಬರ್ ಪ್ಲೇಟ್ ಮತ್ತು ಜೊತೆಗೊಬ್ಬ ಗೈಡ್ ಬೇಕು.

ಬೈಕಿನ ಮೇಲೆ ಸಾಲ ಉಂಟು. ಮತ್ತೊಬ್ಬನದು, ಬೈಕೇ ಅಣ್ಣನ ಹೆಸರಿನಲ್ಲಿ ಉಂಟು. ನಾವು ಏನು ಮಾಡಬೇಕು?

ಸಾಲ ತೀರುವವರೆಗೆ ಬೈಕಿನ ಮೇಲೆ ಬ್ಯಾಂಕಿನ ಹಕ್ಕಿರುತ್ತದೆ. ದೇಶದ ಹೊರಗೆ ಒಯ್ಯಲು ಅದರ ಲಿಖಿತ ಒಪ್ಪಿಗೆ ಬೇಕು. ಅಣ್ಣನ ಬೈಕಾದರೆ ಅವರು ಕೊಟ್ಟ ಅಧಿಕಾರಪತ್ರ ಬೇಕು. ನೋಟರಿಯ ಮುದ್ರೆಯೊಂದೇ ಹಲವು ದೇಶಗಳಲ್ಲಿ ನಡೆಯುವುದಿಲ್ಲ. ಭಾರತ 2005ರಲ್ಲಿ ಹೇಗ್ ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿರುವುದರಿಂದ ಆ ಒಪ್ಪಂದದ ದೇಶಗಳಿಗೆ ಅಪೋಸ್ಟಿಲ್, ಅಂದರೆ ಸರ್ಕಾರದ ದೃಢೀಕರಣ, ಮಾಡಿಸಿದ ಪತ್ರ ಸಾಕು. ಗಲ್ಫಿಗೆ ಸರ್ಟಿಫಿಕೇಟು ದೃಢೀಕರಿಸಿ ಕಳುಹಿಸಿದ ಮನೆಗಳು ನಮ್ಮೂರಿನಲ್ಲಿ ಬೇಕಾದಷ್ಟಿವೆ, ಅಲ್ಲಿ ಕೇಳಿದರೆ ದಾರಿ ಗೊತ್ತಾಗುತ್ತದೆ.

## ಕಾರ್ನೆ

ಕಾರ್ನೆ ಕಾರ್ನೆ ಅಂತ ಎಲ್ಲರೂ ಹೇಳ್ತಾರೆ. ಅದು ಏನು, ಎಲ್ಲಿ ಸಿಗ್ತದೆ?

‘ಕಾರ್ನೆ ದ ಪಸಾಜ್’ ಎಂಬುದು ವಾಹನದ ಪಾಸ್‌ಪೋರ್ಟ್ ಇದ್ದ ಹಾಗೆ; ಬೈಕನ್ನು ಮರಳಿ ಹೊರಗೆ ಒಯ್ಯದಿದ್ದರೆ ಸುಂಕಕ್ಕೆ ನಾವು ಹೊಣೆ ಎಂದು ಒಂದು ಆಟೋಮೊಬೈಲ್ ಸಂಘ ಬೇರೆ ದೇಶಗಳ ಕಸ್ಟಮ್ಸಿಗೆ ಕೊಡುವ ಮಾತು ಅದರಲ್ಲಿರುತ್ತದೆ. ಇದರ ಹಿಂದಿರುವುದು ಖಾಸಗಿ ವಾಹನಗಳ ತಾತ್ಕಾಲಿಕ ಆಮದಿನ ಬಗ್ಗೆ 1954ರಲ್ಲಿ ನ್ಯೂಯಾರ್ಕಿನಲ್ಲಾದ ಒಪ್ಪಂದ. ಭಾರತದಲ್ಲಿ ಈ ಕೆಲಸ ನಡೆಯುವುದು ಮುಂಬೈಯಲ್ಲಿ. 1919ರಲ್ಲಿ ಆರಂಭವಾದ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಶನ್ನಿನ ಹೆಸರು ಕಾರ್ನೆಯ ಜೊತೆ ದಶಕಗಳಿಂದ ಬೆಸೆದುಕೊಂಡಿದೆ. ಕಾರ್ನೆಯ ಅವಧಿ ಒಂದು ವರ್ಷ. ಐದು, ಹತ್ತು ಅಥವಾ ಇಪ್ಪತ್ತೈದು ಹಾಳೆಗಳ ಪುಸ್ತಕವಾಗಿ ಸಿಗುತ್ತದೆ. ಒಂದು ದೇಶವನ್ನು ಒಮ್ಮೆ ಹೊಕ್ಕು ಹೊರಬರಲು ಒಂದು ಹಾಳೆ ಖರ್ಚಾಗುತ್ತದೆ. ಒಂದೇ ದೇಶಕ್ಕೆ ಎರಡು ಸಲ ಹೋಗುವ ಯೋಜನೆಯಿದ್ದರೆ ಎರಡು ಹಾಳೆಯ ಲೆಕ್ಕ ಹಿಡಿಯಿರಿ.

ಎಲ್ಲ ದೇಶಕ್ಕೂ ಬೇಕಾ?

ಇಲ್ಲ. ಇರಾನ್, ಬಾಂಗ್ಲಾದೇಶ, ಶ್ರೀಲಂಕಾ, ಈಜಿಪ್ಟ್, ಆಸ್ಟ್ರೇಲಿಯಾ ಇವು ಕಾರ್ನೆ ಕೇಳುವ ದೇಶಗಳು. ತುರ್ಕಿ, ಯುರೋಪಿನ ದೇಶಗಳು, ಕಝಾಕಸ್ತಾನ್, ಕಿರ್ಗಿಸ್ತಾನ್ ಇತ್ಯಾದಿಗಳು ಕೇಳುವುದಿಲ್ಲ, ಗಡಿಯಲ್ಲೇ ತಾತ್ಕಾಲಿಕ ಆಮದಿನ ದಾಖಲೆ ಮಾಡಿ ಒಳಗೆ ಬಿಡುತ್ತವೆ. ತುರ್ಕಿಯಲ್ಲಿ ಬೈಕನ್ನು ನಿಮ್ಮ ಪಾಸ್‌ಪೋರ್ಟಿನ ದಾಖಲೆಗೇ ಜೋಡಿಸುತ್ತಾರೆ. ಮನೆಯಲ್ಲಿ ಏನೋ ತುರ್ತು ಎಂದು ಬೈಕನ್ನು ಗೆಳೆಯನ ಅಂಗಳದಲ್ಲಿ ನಿಲ್ಲಿಸಿ ವಿಮಾನ ಹತ್ತಲು ಹೋದರೆ ವಿಮಾನ ನಿಲ್ದಾಣದಲ್ಲೇ ತಡೆಯಬಹುದು. ಥಾಯ್ಲೆಂಡಿನಲ್ಲಿ ಕಾರ್ನೆಯ ತಂಟೆಯಿಲ್ಲದಿದ್ದರೂ 2016ರಿಂದ ನೆರೆಯ ಕೆಲವು ದೇಶಗಳ ವಾಹನಗಳನ್ನು ಬಿಟ್ಟು ಉಳಿದವಕ್ಕೆ ಪ್ರವಾಸ ಸಂಸ್ಥೆಯೊಂದರ ಮೂಲಕ ಮುಂಗಡ ಪರ್ಮಿಟ್ ತೆಗೆಸಬೇಕಾಗಿದೆ.

ಗ್ಯಾರಂಟಿಗೆ ಬೈಕಿನ ಬೆಲೆಗಿಂತ ಹೆಚ್ಚು ಹಣ ಕೇಳ್ತಾರಂತೆ. ನಿಜವಾ?

ನಿಜ. ಗ್ಯಾರಂಟಿಯ ಮೊತ್ತವನ್ನು ಬೈಕಿನ ಬೆಲೆಯ ಮೇಲಲ್ಲ, ನೀವು ಹೋಗುವ ದೇಶಗಳಲ್ಲಿ ಆ ಬೈಕಿಗೆ ಬೀಳಬಹುದಾದ ಅತಿ ಹೆಚ್ಚಿನ ಸುಂಕದ ಮೇಲೆ ಲೆಕ್ಕ ಹಾಕುತ್ತಾರೆ. ಹೀಗಾಗಿ ಪಟ್ಟಿಯಲ್ಲಿ ಸುಂಕ ಹೆಚ್ಚಿರುವ ಒಂದೇ ಒಂದು ದೇಶ ಸೇರಿದರೂ ಇಡೀ ಮೊತ್ತ ಮೇಲೇರುತ್ತದೆ. ಅಂಥ ದೇಶವನ್ನು ನಿಜವಾಗಿಯೂ ದಾಟುತ್ತೀರೋ ಇಲ್ಲವೋ ಎಂಬುದನ್ನು ಅರ್ಜಿ ಹಾಕುವ ಮೊದಲೇ ತೀರ್ಮಾನಿಸಿ. ಹಣವನ್ನು ಠೇವಣಿಯಾಗಿ ಅಥವಾ ಬ್ಯಾಂಕ್ ಗ್ಯಾರಂಟಿಯಾಗಿ ಇಡಬೇಕಾಗುತ್ತದೆ. ಯಾವ ಬ್ಯಾಂಕಿನ ಗ್ಯಾರಂಟಿ ನಡೆಯುತ್ತದೆ ಎಂದು ಸಂಘವನ್ನು ಮೊದಲು ಕೇಳಿ. ನಮ್ಮೂರಿನ ಸೇವಾ ಸಹಕಾರಿ ಬ್ಯಾಂಕಿನಲ್ಲಿ ಅಡಿಕೆಯ ಹಣ ಎಷ್ಟೇ ಇದ್ದರೂ ಅದರ ಪತ್ರ ಮುಂಬೈಯಲ್ಲಿ ಸಲ್ಲುತ್ತದೆಂದು ಎಣಿಸಿ ಕೂರಬೇಡಿ. ಈ ಹಣ ಖರ್ಚಲ್ಲ, ಕಾರ್ನೆ ಸರಿಯಾಗಿ ಮುಗಿದರೆ ಮರಳಿ ಬರುತ್ತದೆ. ಆದರೆ ಒಂದು ವರ್ಷ ಕೈಕಟ್ಟಿಕೊಂಡಿರುತ್ತದೆ.

ಗಡಿಯಲ್ಲಿ ಕಾರ್ನೆ ಕೊಟ್ಟಾಗ ನಾವು ಏನನ್ನು ನೋಡಬೇಕು? ಅಧಿಕಾರಿಗೆ ಗೊತ್ತಿರುವುದಿಲ್ಲವಾ?

ಎಷ್ಟೋ ಗಡಿಗಳಲ್ಲಿ ವರ್ಷಕ್ಕೆ ಹತ್ತಿಪ್ಪತ್ತು ಕಾರ್ನೆಗಳೂ ಬರುವುದಿಲ್ಲ. ನಿಮ್ಮ ಎದುರು ಕುಳಿತ ಅಧಿಕಾರಿ ಅದನ್ನು ಮೊದಲ ಸಲ ನೋಡುತ್ತಿರಬಹುದು. ಪ್ರತಿ ಹಾಳೆಯಲ್ಲಿ ಮೂರು ಭಾಗಗಳಿವೆ: ಒಳಬರುವಾಗ ಹರಿದುಕೊಳ್ಳುವ ಆಮದು ಚೀಟಿ, ಹೊರಹೋಗುವಾಗ ಹರಿದುಕೊಳ್ಳುವ ರಫ್ತು ಚೀಟಿ, ಮತ್ತು ಪುಸ್ತಕದಲ್ಲೇ ಉಳಿಯುವ ಮೂಲಭಾಗ. ಮೂಲಭಾಗದಲ್ಲಿ ಎರಡು ಮುದ್ರೆಗಳು ಬೀಳಬೇಕು, ಬಂದದ್ದಕ್ಕೊಂದು, ಹೋದದ್ದಕ್ಕೊಂದು. ಎರಡನೆಯದು ಬೀಳದಿದ್ದರೆ ಬೈಕು ಆ ದೇಶದಲ್ಲೇ ಉಳಿದಿದೆ ಎಂದು ಅರ್ಥ. ಮುದ್ರೆ, ತಾರೀಕು, ಸಹಿ ಮೂರನ್ನೂ ನೋಡಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಆ ಮೇಲೆ ಕಿಟಕಿ ಬಿಟ್ಟು ಕದಲಿ. ಹಿಂದೆ ನಿಂತ ಲಾರಿ ಚಾಲಕರು ಗೊಣಗಿದರೆ ಗೊಣಗಲಿ.

ನನಗಾದ ಅನುಭವ ಬೇರೆ ಥರದ್ದು. ಒಂದು ಗಡಿಯಲ್ಲಿ ಅಧಿಕಾರಿ ಕಾರ್ನೆಯನ್ನು ಹಿಡಿದುಕೊಂಡೇ ಹೊರಗೆ ಬಂದು, ಬೈಕಿನ ಮುಂದೆ ಮಂಡಿಯೂರಿ, ಹ್ಯಾಂಡಲಿನ ಬುಡದಲ್ಲಿ ಕೊರೆದ ಚಾಸಿಸ್ ನಂಬರಿನ ಮೇಲೆ ಟಾರ್ಚ್ ಬಿಟ್ಟರು. ಕೆಸರು ಮೆತ್ತಿತ್ತು, ಚೈನಿಗೆಂದು ಇಟ್ಟುಕೊಂಡಿದ್ದ ಬಟ್ಟೆಯಿಂದ ನಾನೇ ಒರೆಸಿದೆ. ಕೆಸರು ಹೋಯಿತು, ತುಕ್ಕು ಉಳಿಯಿತು. ಕಡಲಿನಿಂದ ಒಂದು ಮೈಲಿ ದೂರದ ಕೊಟ್ಟಿಗೆಯಲ್ಲಿ ಎಂಟು ಮಳೆಗಾಲ ಕಳೆದ ಬೈಕು, ಉಪ್ಪುಗಾಳಿ ತನ್ನ ಕೆಲಸ ಮಾಡಿತ್ತು. ಅವರು ಉಗುರಿನಿಂದ ಕೆರೆದು ಕೆರೆದು ಓದಿದರು, ಒಂಬತ್ತನೆಯ ಅಕ್ಷರಕ್ಕೆ ಬಂದು ನಿಂತರು. ಬೈಕಿನ ಮೇಲಿದ್ದದ್ದು ಸೊನ್ನೆ, ಕಾರ್ನೆಯಲ್ಲಿ ಬೆರಳಚ್ಚಾದದ್ದು ಇಂಗ್ಲಿಷಿನ ‘ಓ’. ಚಾಸಿಸ್ ಸಂಖ್ಯೆಯ 17 ಅಕ್ಷರಗಳಲ್ಲಿ ಐ, ಓ, ಕ್ಯೂ ಎಂಬ ಮೂರನ್ನು ಅಂತರರಾಷ್ಟ್ರೀಯ ಕ್ರಮದಲ್ಲಿ ಬಳಸುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗಬಾರದೆಂದೇ. ಆ ನಿಯಮ ಗೊತ್ತಿದ್ದ ಹಿರಿಯ ಅಧಿಕಾರಿಯೊಬ್ಬರು ಊಟ ಮುಗಿಸಿ ಬರುವವರೆಗೆ ನಾಲ್ಕು ಗಂಟೆ ಕಾದೆ. ತಪ್ಪು ಬೆರಳಚ್ಚು ಮಾಡಿದವರದು ಎಷ್ಟೋ ಅಷ್ಟೇ, ಕಾರ್ನೆ ಕೈಗೆ ಬಂದ ದಿನ ಓದದೆ ಕಪಾಟಿನಲ್ಲಿಟ್ಟ ನನ್ನದೂ ಹೌದು. ಹೊರಡುವ ಮುನ್ನ ಸಂಖ್ಯೆಯ ಮೇಲಿನ ತುಕ್ಕನ್ನು ಸೀಮೆಎಣ್ಣೆ ಹಚ್ಚಿ ಮೆಲ್ಲಗೆ ತೆಗೆದು, ತೆಳ್ಳಗೆ ಗ್ರೀಸ್ ಬಳಿದಿಡಿ; ಮರಳುಕಾಗದದಿಂದ ಉಜ್ಜಬೇಡಿ, ಅಕ್ಷರ ಸವೆದರೆ ನಂಬರು ತಿದ್ದಿದ್ದೀರಿ ಎಂಬ ಅನುಮಾನ ಬರುತ್ತದೆ.

## ವಿಮೆ

ಹೊಸ ಬೈಕಿಗೆ ಐದು ವರ್ಷದ ಇನ್ಶೂರೆನ್ಸ್ ಕಟ್ಟಿದ್ದೇನೆ. ಅದು ಹೊರಗೆ ನಡೆಯುವುದಿಲ್ಲವಾ?

2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ ಕಡ್ಡಾಯವಾದ ಐದು ವರ್ಷದ ಥರ್ಡ್ ಪಾರ್ಟಿ (ಎದುರಿನವರ ನಷ್ಟದ) ವಿಮೆಯಾಗಲಿ, ಅದರ ಜೊತೆಗಿನ ಓನ್ ಡ್ಯಾಮೇಜ್ (ಸ್ವಂತ ಬೈಕಿನ ಹಾನಿಯ) ವಿಮೆಯಾಗಲಿ ಭಾರತದ ಎಲ್ಲೆಯೊಳಗಿನ ಮಾತು. ಪಾಲಿಸಿಯಲ್ಲಿ ‘ಭೌಗೋಳಿಕ ವ್ಯಾಪ್ತಿ’ ಎಂಬ ಸಾಲು ಹುಡುಕಿ, ಅಲ್ಲಿ ‘ಇಂಡಿಯಾ’ ಎಂದಷ್ಟೇ ಇರುತ್ತದೆ. ಅದನ್ನು ವಿಸ್ತರಿಸಿಕೊಳ್ಳಲು ‘ಐ.ಎಂ.ಟಿ. 1’ ಎಂಬ ಸೇರ್ಪಡೆ ಇದೆ. ನೇಪಾಳ, ಭೂತಾನ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್, ಪಾಕಿಸ್ತಾನ ಈ ಆರು ದೇಶಗಳಿಗೆ ಮಾತ್ರ, ಹೆಚ್ಚೆಂದರೆ 12 ತಿಂಗಳಿಗೆ. 2002ರ ಮೋಟಾರ್ ಟ್ಯಾರಿಫಿನಲ್ಲಿ ಇದಕ್ಕೆ ಪೂರ್ಣ ಪಾಲಿಸಿಗೆ 500 ರೂಪಾಯಿ, ಬರೀ ಥರ್ಡ್ ಪಾರ್ಟಿಗೆ 100 ರೂಪಾಯಿ ಹೆಚ್ಚುವರಿ ಪ್ರೀಮಿಯಂ ಗೊತ್ತುಮಾಡಲಾಗಿತ್ತು. ಇಷ್ಟು ಅಗ್ಗವಾದದ್ದನ್ನು ಹೆಚ್ಚಿನವರು ಮಾಡಿಸಿಕೊಳ್ಳದಿರಲು ಕಾರಣ, ಆನ್‌ಲೈನಿನಲ್ಲಿ ಪಾಲಿಸಿ ಕೊಳ್ಳುವಾಗ ಈ ಆಯ್ಕೆ ಕಣ್ಣಿಗೆ ಬೀಳುವುದೇ ಇಲ್ಲ. ಕಂಪೆನಿಯ ಶಾಖೆಗೆ ಹೋಗಿ ಬರೆದು ಕೇಳಬೇಕು, ಸೇರ್ಪಡೆಯ ಪ್ರತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬರಬೇಕು. ಥರ್ಡ್ ಪಾರ್ಟಿ ಒಂದು ಕಂಪೆನಿಯದು, ಓನ್ ಡ್ಯಾಮೇಜ್ ಇನ್ನೊಂದರದು ಆಗಿದ್ದರೆ ಎರಡು ಕಡೆಯೂ ಮಾಡಿಸಬೇಕು.

ಇದರಲ್ಲೊಂದು ಸೂಕ್ಷ್ಮವಿದೆ. ಬೈಕನ್ನು ಹಡಗಿನಲ್ಲಿ ಅಥವಾ ವಿಮಾನದಲ್ಲಿ ಆ ದೇಶಕ್ಕೆ ಸಾಗಿಸುವಾಗ ಆಗುವ ಹಾನಿಯನ್ನು ಈ ಸೇರ್ಪಡೆ ಸ್ಪಷ್ಟವಾಗಿ ಹೊರಗಿಟ್ಟಿದೆ. ಶ್ರೀಲಂಕೆಗೆ ಹೋಗುವವರು ಇದನ್ನು ನೆನಪಿಡಬೇಕು. ನಾಗಪಟ್ಟಿಣದಿಂದ ಕಾಂಕೇಸನ್‌ತುರೈಗೆ 2023ರ ಅಕ್ಟೋಬರಿನಲ್ಲಿ ಆರಂಭವಾದ ಹಡಗು ಜನರಿಗಾಗಿ ಇರುವುದು, ಬೈಕು ಸರಕಿನ ಹಡಗಿನಲ್ಲೇ ಹೋಗಬೇಕು.

ಯುರೋಪಿಗೆ ಗ್ರೀನ್ ಕಾರ್ಡ್ ಬೇಕಂತೆ. ಮಂಗಳೂರಿನ ಏಜೆಂಟರಿಗೆ ಅದರ ಹೆಸರೇ ಗೊತ್ತಿಲ್ಲ.

ಗೊತ್ತಿಲ್ಲದಿರುವುದು ಅವರ ತಪ್ಪಲ್ಲ. ಗ್ರೀನ್ ಕಾರ್ಡ್ ಎಂಬುದು 1953ರಿಂದ ನಡೆದುಕೊಂಡು ಬಂದ, ಒಂದು ದೇಶದ ಥರ್ಡ್ ಪಾರ್ಟಿ ವಿಮೆಯನ್ನು ಇನ್ನೊಂದು ದೇಶ ಒಪ್ಪುವ ವ್ಯವಸ್ಥೆ. ಯುರೋಪಿನ ಜೊತೆಗೆ ತುರ್ಕಿ, ಇರಾನ್, ಮೊರಾಕೊ ಕೂಡ ಅದರಲ್ಲಿವೆ, ಭಾರತ ಇಲ್ಲ. ಆದ್ದರಿಂದ ಭಾರತದ ಯಾವ ಕಂಪೆನಿಯೂ ಅದನ್ನು ಕೊಡಲಾರದು, ಕೊಡಿಸುತ್ತೇನೆ ಎಂದು ಹಣ ಕೇಳುವವರನ್ನು ನಂಬಬಾರದು. ನಮಗಿರುವ ದಾರಿ ಗಡಿ ವಿಮೆ: ಯುರೋಪಿಯನ್ ಒಕ್ಕೂಟದೊಳಗೆ ಕಾಲಿಡುವ ಮೊದಲ ದೇಶದ ಗಡಿಯಲ್ಲಿ, ಉದಾಹರಣೆಗೆ ತುರ್ಕಿಯಿಂದ ಬಲ್ಗೇರಿಯಾಕ್ಕೆ ದಾಟುವಲ್ಲಿ, ವಿಮೆಯ ಗೂಡಂಗಡಿಯಿಂದ ಕೊಂಡರೆ ಒಕ್ಕೂಟದ ಉಳಿದ ದೇಶಗಳಿಗೂ ಸಲ್ಲುತ್ತದೆ. ಯಾವ ಯಾವ ದೇಶದ ಸಂಕೇತ ಹೊಡೆದುಹಾಕಿಲ್ಲ ಎಂಬುದನ್ನು ಕಾಗದದ ಮೇಲೆಯೇ ನೋಡಿಕೊಳ್ಳಿ. ಕಾಗದ ಹಸಿರು ಇಲ್ಲವೆಂದು ಗಾಬರಿಯಾಗಬೇಡಿ, 2020ರಿಂದ ಬಿಳಿ ಹಾಳೆಯಲ್ಲಿ ಮುದ್ರಿಸಿದರೂ ನಡೆಯುತ್ತದೆ. ಇದು ಎದುರಿನವರಿಗಾದ ನಷ್ಟಕ್ಕೆ ಮಾತ್ರ. ನಿಮ್ಮ ಬೈಕಿನ ಬಾಗಿದ ಫೋರ್ಕ್ ನಿಮ್ಮದೇ ಖರ್ಚು.

ತಮ್ಮ ದುಬಾಯಿಯಲ್ಲಿದ್ದಾನೆ. ಅವನ ಬೈಕಿನಲ್ಲಿ ಒಮಾನ್ ನೋಡಿ ಬರುವ ಆಸೆ.

ನಮ್ಮೂರಿನ ಅರ್ಧದಷ್ಟು ಮನೆಗಳಿಗೆ ಇದೇ ಎಲ್ಲಕ್ಕಿಂತ ಹತ್ತಿರದ ಪರದೇಶ ಪ್ರವಾಸ. ಅಲ್ಲಿಯ ನೋಂದಣಿಯ ಬೈಕಾದ್ದರಿಂದ ಕಾರ್ನೆಯ ಗೊಡವೆ ಇಲ್ಲ. ಬೇಕಾದದ್ದು ಮುಲ್ಕಿಯಾ, ಅಂದರೆ ಅಲ್ಲಿಯ ಆರ್.ಸಿ., ಬೈಕಿನ ಮಾಲಿಕ ತಮ್ಮನಾದ್ದರಿಂದ ಅವರ ಒಪ್ಪಿಗೆ ಪತ್ರ, ಮತ್ತು ಒಮಾನಿಗೂ ವಿಸ್ತರಿಸಿದ ವಿಮೆ. ಅರಬ್ ದೇಶಗಳ ನಡುವೆ 1975ರ ಟ್ಯೂನಿಸ್ ಒಪ್ಪಂದದಿಂದ ಬಂದ ‘ಆರೆಂಜ್ ಕಾರ್ಡ್’ ಇದಕ್ಕಾಗಿಯೇ ಇರುವುದು, ತಮ್ಮನ ವಿಮಾ ಕಂಪೆನಿಯಲ್ಲೇ ಕೇಳಬೇಕು. ವಿಮೆಯಲ್ಲಿ ಓಡಿಸುವವರ ವಯಸ್ಸು ಮತ್ತು ಲೈಸನ್ಸಿನ ಬಗ್ಗೆ ಷರತ್ತುಗಳಿರುತ್ತವೆ. ನಿಮ್ಮ ಹೆಸರು ಅದರೊಳಗೆ ಬರುತ್ತದೆಯೇ ಎಂದು ತಮ್ಮನಿಂದಲೇ ಕೇಳಿಸಿ.

ಟ್ರಾವೆಲ್ ಇನ್ಶೂರೆನ್ಸ್ ತೆಗೆದಿದ್ದೇನೆ, ಅದರಲ್ಲಿ ಎಲ್ಲವೂ ಬರ್ತದಲ್ಲ?

ಬರುವುದಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಶೆಂಗೆನ್ ವೀಸಾಕ್ಕೆ ಕಡ್ಡಾಯವಾದ ಕನಿಷ್ಠ 30,000 ಯೂರೋಗಳ ವಿಮೆ ನಿಮ್ಮ ಆಸ್ಪತ್ರೆಯ ಖರ್ಚಿಗೆ ಮತ್ತು ಊರಿಗೆ ಸಾಗಿಸುವ ಖರ್ಚಿಗೆ ಸಂಬಂಧಿಸಿದ್ದು. ನಿಮ್ಮ ಬೈಕು ಯಾರಿಗೋ ತಾಗಿದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದಕ್ಕಿಂತ ಮುಖ್ಯವಾಗಿ, ಹಲವು ಪಾಲಿಸಿಗಳು ಮೋಟಾರ್‌ಸೈಕಲ್ ಸವಾರಿಯನ್ನೇ ಹೊರಗಿಡುತ್ತವೆ, ಇಲ್ಲವೆ ಇಷ್ಟು ಸಿ.ಸಿ.ವರೆಗೆ ಮಾತ್ರ ಎಂದೋ, ಸಾಹಸಕ್ರೀಡೆಯಾಗಿರಬಾರದು ಎಂದೋ ಷರತ್ತು ಹಾಕುತ್ತವೆ. ಕಂಪೆನಿಗೆ ಇ-ಮೇಲ್ ಬರೆದು ‘ನನ್ನದೇ ಇಂಥ ಸಿ.ಸಿ.ಯ ಬೈಕಿನಲ್ಲಿ ಇಂತಿಂಥ ದೇಶಗಳಲ್ಲಿ ಸವಾರಿ ಮಾಡುತ್ತೇನೆ, ಅಪಘಾತವಾದರೆ ಆಸ್ಪತ್ರೆಯ ಖರ್ಚು ಬರುತ್ತದೆಯೇ’ ಎಂದು ನೇರವಾಗಿ ಕೇಳಿ, ಬಂದ ಉತ್ತರವನ್ನು ಪಾಲಿಸಿಯ ಜೊತೆ ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ ‘ಬರ್ತದೆ ಸರ್’ ಎಂಬುದಕ್ಕೆ ಬೆಲೆಯಿಲ್ಲ.

ನಾನು ಹೊರಗಿರುವಾಗಲೇ ಊರಿನ ಪಾಲಿಸಿ ಮುಗಿದರೆ?

ಮುಗಿಯುವ ಮೊದಲೇ ನವೀಕರಿಸಿ. ಒಮ್ಮೆ ತಪ್ಪಿದರೆ ಓನ್ ಡ್ಯಾಮೇಜಿಗೆ ಕಂಪೆನಿಯವರು ಬೈಕನ್ನು ನೋಡಬೇಕೆನ್ನುತ್ತಾರೆ, ಬೈಕು ಇರುವುದು ಬೇರೆ ದೇಶದಲ್ಲಿ. 90 ದಿನ ಕಳೆದರೆ ಕ್ಲೇಮ್ ಮಾಡದಿದ್ದುದಕ್ಕೆ ಸಿಗುವ ರಿಯಾಯಿತಿಯೂ (ನೋ ಕ್ಲೇಮ್ ಬೋನಸ್) ಹೋಗುತ್ತದೆ.

## ಹಡಗು ಮತ್ತು ದೂರದ ದಾರಿ

ಇಲ್ಲಿಂದ ರಸ್ತೆಯಲ್ಲೇ ಲಂಡನ್ ಮುಟ್ಟಬಹುದಾ?

ಈಗಿನ ಸ್ಥಿತಿಯಲ್ಲಿ ಹಡಗು ಅಥವಾ ವಿಮಾನದ ಸಹಾಯವಿಲ್ಲದೆ ಅದು ಬಹಳ ಕಷ್ಟ. ಪಶ್ಚಿಮಕ್ಕೆ ಪಾಕಿಸ್ತಾನದ ಗಡಿಯಲ್ಲಿರುವ ಅಟ್ಟಾರಿಯ ಚೆಕ್‌ಪೋಸ್ಟನ್ನು 2025ರ ಏಪ್ರಿಲಿನಲ್ಲಿ ಮುಚ್ಚಲಾಯಿತು. ಪೂರ್ವಕ್ಕೆ ಮಣಿಪುರದ ಮೊರೆಯಿಂದ ಮ್ಯಾನ್ಮಾರಿನ ತಮುವಿಗೆ ಇದ್ದ ದಾರಿಯನ್ನು 2021ರ ಸೇನಾಕ್ರಾಂತಿಯ ನಂತರ ನಂಬಿ ಹೊರಡುವಂತಿಲ್ಲ. ನೇಪಾಳದಿಂದ ಟಿಬೆಟಿನ ಮೂಲಕ ಹೋಗುವುದಾದರೆ ಚೀನಾದ ಗೈಡಿನ ಖರ್ಚನ್ನು ನಾಲ್ಕೈದು ಸವಾರರು ಹಂಚಿಕೊಂಡರೆ ಮಾತ್ರ ತಡೆದುಕೊಳ್ಳಬಹುದು.

ಬೈಕನ್ನು ಹಡಗಿನಲ್ಲಿ ಕಳುಹಿಸುವಾಗ ವಿಮೆ ಬೇರೆಯೇ ಬೇಕಾ?

ಬೇರೆಯೇ ಬೇಕು, ಅದಕ್ಕೆ ಮರೈನ್ ಇನ್ಶೂರೆನ್ಸ್ ಎಂದು ಹೆಸರು. ಬಂದರಿಗೆ ಕೊಡುವ ಮುನ್ನ ಟ್ಯಾಂಕಿನ ಪೆಟ್ರೋಲ್ ತೆಗೆದು, ಬ್ಯಾಟರಿಯ ಸಂಪರ್ಕ ಬಿಡಿಸಿ, ಪೆಟ್ಟಿಗೆಗೆ ಹಾಕುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಸರಕು ಪಡೆದದ್ದಕ್ಕೆ ಹಡಗಿನವರು ಕೊಡುವ ಲೇಡಿಂಗ್ ಬಿಲ್ಲಿನಲ್ಲಿ ಹೆಸರು ಮತ್ತು ಚಾಸಿಸ್ ಸಂಖ್ಯೆ ಕಾರ್ನೆಯಲ್ಲಿದ್ದಂತೆಯೇ ಇರಬೇಕು. ಭಾರತದ ಕಸ್ಟಮ್ಸಿನಲ್ಲಿ ಬೈಕು ತಾತ್ಕಾಲಿಕವಾಗಿ ಹೊರಹೋದದ್ದೆಂಬ ದಾಖಲೆಯನ್ನು ಮಾಡಿಸಿಕೊಳ್ಳದಿದ್ದರೆ ಮರಳಿ ತರುವಾಗ ಅದು ಹೊಸದಾಗಿ ಆಮದಾದ ಬೈಕಾಗಿಬಿಡುತ್ತದೆ.

ಮರೈನ್ ವಿಮೆ ಅನಗತ್ಯ, ಬೈಕು ಪೆಟ್ಟಿಗೆಯಲ್ಲಿ ಭದ್ರವಾಗಿದೆ ಎನ್ನುವವರಿಗೆ ‘ಜನರಲ್ ಆವರೇಜ್’ ಎಂಬ ಹಳೆಯ ಕಡಲ ಕಾನೂನಿನ ಬಗ್ಗೆ ಹೇಳಬೇಕು. ಹಡಗನ್ನು ಉಳಿಸಲು ಆದ ಅಸಾಧಾರಣ ಖರ್ಚನ್ನು ಹಡಗಿನ ಮಾಲಿಕರೊಂದಿಗೆ ಸರಕಿನ ಮಾಲಿಕರೆಲ್ಲರೂ ಹಂಚಿಕೊಳ್ಳಬೇಕು, ಅವರವರ ಸರಕಿಗೆ ಏನೂ ಆಗದಿದ್ದರೂ. 2021ರ ಮಾರ್ಚಿನಲ್ಲಿ ಸೂಯೆಜ್ ಕಾಲುವೆಗೆ ಅಡ್ಡ ನಿಂತ ಎವರ್ ಗಿವನ್ ಹಡಗಿನ ವಿಷಯದಲ್ಲೂ ಇದನ್ನೇ ಘೋಷಿಸಲಾಯಿತು. ಪಾಲಿಗೆ ಬಂದ ಹಣಕ್ಕೆ ಭದ್ರತೆ ಕೊಡುವವರೆಗೆ ಪೆಟ್ಟಿಗೆ ಕೈಗೆ ಸಿಗುವುದಿಲ್ಲ; ವಿಮೆ ಇದ್ದರೆ ಆ ಭದ್ರತೆಯನ್ನು ಕಂಪೆನಿ ಕೊಡುತ್ತದೆ.

ಶೆಂಗೆನ್ ವೀಸಾ 90 ದಿನದ್ದು. ಬೈಕನ್ನು ಅಲ್ಲೇ ಬಿಟ್ಟು ಬಂದು ಮತ್ತೆ ಹೋಗಬಹುದಾ?

ಸವಾರನಿಗೆ 180 ದಿನಗಳಲ್ಲಿ 90 ದಿನ, ಒಕ್ಕೂಟದ ಹೊರಗಿನ ಖಾಸಗಿ ವಾಹನಕ್ಕೆ ಸಾಮಾನ್ಯವಾಗಿ 12 ತಿಂಗಳಲ್ಲಿ 6 ತಿಂಗಳು. ಆದ್ದರಿಂದ ಲೆಕ್ಕದ ಪ್ರಕಾರ ಬೈಕು ನಿಮಗಿಂತ ಹೆಚ್ಚು ದಿನ ಅಲ್ಲಿರಬಹುದು. ಆದರೆ ನೀವು ಮರಳಿ ಹೋಗುವಷ್ಟರಲ್ಲಿ ಹೊಸ ವೀಸಾ ಸಿಗದೆ ಹೋದರೆ ಬೈಕನ್ನು ಹೊರತರುವವರು ಯಾರು ಎಂಬುದನ್ನು ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಬಹುಪ್ರವೇಶದ ವೀಸಾ ಕೈಯಲ್ಲಿಲ್ಲದವರಿಗೆ ನಾನು ಇದನ್ನು ಹೇಳಿಕೊಡುವುದಿಲ್ಲ.

## ಏನಾದರೂ ಆದಾಗ

ಅಪಘಾತ ಆದರೆ ಮೊದಲು ಏನು ಮಾಡಬೇಕು?

ಪೊಲೀಸ್ ವರದಿ. ಗಾಯ ಸಣ್ಣದು, ಎದುರಿನವರು ಒಳ್ಳೆಯವರು, ಕೈಕುಲುಕಿ ಮುಗಿಸೋಣ ಎಂಬ ನಮ್ಮೂರಿನ ಪಂಚಾಯತಿಕೆ ಅಲ್ಲಿ ಬೇಡ. ಯು.ಎ.ಇ.ಯಲ್ಲಂತೂ ಪೊಲೀಸ್ ವರದಿಯಿಲ್ಲದೆ ಗ್ಯಾರೇಜಿನವರು ಬೈಕನ್ನು ಮುಟ್ಟುವಂತಿಲ್ಲ. ವರದಿಯ ಪ್ರತಿ, ಎದುರಿನ ವಾಹನದ ನಂಬರು ಮತ್ತು ವಿಮೆಯ ವಿವರ, ಸ್ಥಳದ ಫೋಟೋ ಇವನ್ನು ಅದೇ ದಿನ ಕಂಪೆನಿಗೆ ಇ-ಮೇಲ್ ಮಾಡಿ. ಓದಲು ಬಾರದ ಭಾಷೆಯ ಹೇಳಿಕೆಗೆ ಸಹಿ ಹಾಕಲೇಬೇಕಾಗಿ ಬಂದರೆ ‘ಓದಲು ಬಾರದು’ ಎಂದು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಸಹಿಯ ಪಕ್ಕದಲ್ಲಿ ಬರೆಯಿರಿ. ಮಲಯಾಳ ಅರ್ಜಿಗಳ ಮೇಲೆ ನಮ್ಮ ಹಿರಿಯರು ಮಾಡುತ್ತಿದ್ದದ್ದೂ ಇದನ್ನೇ.

ಇಂಜಿನ್ ಹೋಯಿತು, ಇಲ್ಲ ಬೈಕೇ ಕಳವಾಯಿತು. ಬಿಟ್ಟು ಬರಬಹುದಾ?

ಹಾಗೆಯೇ ಬಿಟ್ಟು ಬರುವಂತಿಲ್ಲ. ಬೈಕು ಕಳೆದುಹೋದರೂ ಸುಂಕದ ಹೊಣೆ ಕಳೆದುಹೋಗುವುದಿಲ್ಲ. ಕಳವಾದರೆ ಪೊಲೀಸ್ ವರದಿಯ ಜೊತೆ ಅಲ್ಲಿಯ ಕಸ್ಟಮ್ಸಿಗೂ ತಿಳಿಸಿ ಅವರ ಬರಹ ಪಡೆಯಬೇಕು. ದುರಸ್ತಿಗೆ ನಿಲುಕದಂತೆ ಕೆಟ್ಟಿದ್ದರೆ ಕಸ್ಟಮ್ಸಿಗೆ ಒಪ್ಪಿಸಿಬಿಡುವ ಅಥವಾ ಅವರ ಎದುರಿನಲ್ಲೇ ನಾಶ ಮಾಡಿಸುವ ಕ್ರಮವಿದೆ. ಎರಡೂ ಸಂದರ್ಭಗಳಲ್ಲಿ ಕಾರ್ನೆ ಕೊಟ್ಟ ಸಂಘಕ್ಕೆ ಮೊದಲ ದಿನವೇ ತಿಳಿಸಿ. ಬೈಕಿನ ಇನ್ಶೂರೆನ್ಸ್ ಹಣ ಬಂತೆಂದು ಕಾರ್ನೆಯನ್ನು ಮರೆತರೆ, ಅದಕ್ಕಿಂತ ಹೆಚ್ಚಿನ ಗ್ಯಾರಂಟಿ ಹಣ ಕೈಬಿಟ್ಟುಹೋಗಬಹುದು.

ಒಂದು ದೇಶದಲ್ಲಿ ಹೊರಹೋದ ಮುದ್ರೆ ಹಾಕಿಸಲು ಮರೆತುಹೋಯಿತು. ಈಗ ಊರಿಗೆ ಬಂದಾಗಿದೆ.

ದಾರಿ ಇದೆ. ಕಾರ್ನೆಯ ಕೊನೆಯಲ್ಲಿ ‘ವಾಹನ ಇರುವ ಸ್ಥಳದ ದೃಢೀಕರಣ’ ಎಂಬ ನಮೂನೆಯಿರುತ್ತದೆ. ಬೈಕು ಈಗ ಭಾರತದಲ್ಲಿದೆ ಎಂದು ಕಸ್ಟಮ್ಸಿನಂಥ ಅಧಿಕಾರಿಯೊಬ್ಬರು ಬೈಕನ್ನು ಕಣ್ಣಾರೆ ನೋಡಿ, ಚಾಸಿಸ್ ಮತ್ತು ಇಂಜಿನ್ ಸಂಖ್ಯೆ ಹೋಲಿಸಿ, ಸಹಿ ಮತ್ತು ಮುದ್ರೆ ಹಾಕಿಕೊಡಬೇಕು. ಯಾರ ಸಹಿ ಸಲ್ಲುತ್ತದೆ ಎಂದು ಸಂಘವನ್ನು ಕೇಳಿಯೇ ಹೋಗಿ. ಮರೆತ ದೇಶದ ಮುಂದಿನ ದೇಶದಲ್ಲಿ ಬಿದ್ದ ಒಳಬಂದ ಮುದ್ರೆ, ಪಾಸ್‌ಪೋರ್ಟಿನ ಮುದ್ರೆಗಳು, ಹಡಗಿನ ಬಿಲ್ಲು ಇವುಗಳ ಪ್ರತಿಗಳನ್ನೂ ಜೊತೆಗಿಡಿ. ಎಲ್ಲ ಮುದ್ರೆಗಳು ಸರಿಯಿದ್ದವರೂ ಕಾರ್ನೆಯನ್ನು ನೆನಪಿಗೆಂದು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಅವಧಿ ಮುಗಿಯುವುದರೊಳಗೆ ಸಂಘಕ್ಕೆ ಮರಳಿಸಿ, ಅವರು ಪ್ರತಿ ಹಾಳೆಯನ್ನೂ ನೋಡಿ ಮುಕ್ತಾಯ ಬರೆದ ಮೇಲಷ್ಟೇ ಗ್ಯಾರಂಟಿ ಬಿಡುಗಡೆಯಾಗುತ್ತದೆ. ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸುವ ಮೊದಲು ಎಲ್ಲ ಪುಟಗಳ ಪ್ರತಿ ತೆಗೆದಿಟ್ಟುಕೊಳ್ಳಿ.